ರವಿಕೆಯ ಬೆನ್ನಿನಲ್ಲಿ ಫೆಬ್ರವರಿ

“ಫೆಬ್ರವರಿ ಎಲ್ಲಿ ಹಾಳಾಗಿ ಹೋಯಿತು?”

ಪೂವಕ್ಕ ಕಬ್ಬಿಣದ ಕಪಾಟಿನೊಳಗೆ ತಲೆ ತೂರಿಸಿಕೊಂಡೇ ಕೇಳಿದಳು. ಜನವರಿ ಸಿಕ್ಕಿತ್ತು, ಯಾರದೋ ರವಿಕೆಯ ಎಡಭಾಗವಾಗಿ. ಮಾರ್ಚ್ ತಿಂಗಳು ತೋಳಾಗಿ ಕೂತಿತ್ತು. ನಡುವಿನ ಫೆಬ್ರವರಿ ಮಾತ್ರ ಕಣ್ಣಿಗೆ ಬೀಳಲೊಲ್ಲದು.

ಹಳೆಯ ಗೋಡೆ ಕ್ಯಾಲೆಂಡರಿನ ದಪ್ಪ ಕಾಗದವನ್ನು ಅವಳು ಎಂದೂ ಬಿಸಾಡಿದವಳಲ್ಲ. ದೋಹಾದ ಬಿನ್ ಮಹಮೂದ್ ಬಡಾವಣೆಯ ಎರಡನೇ ಮಾಳಿಗೆಯ ಈ ಫ್ಲಾಟಿನಲ್ಲಿ ಇಪ್ಪತ್ತಮೂರು ವರ್ಷಗಳಿಂದ ಹೊಲಿದ ರವಿಕೆಗಳ ಅಳತೆಯೆಲ್ಲ ಹಾಗೆ ತಿಂಗಳು, ವಾರ, ತಾರೀಕುಗಳ ಮೇಲೆಯೇ ಕತ್ತರಿಸಿ ಇಟ್ಟದ್ದು.

“ಹುಡುಕಿ, ಬೇಗ ಹುಡುಕಿ,” ಎಂದರು ಬಾಗಿಲಲ್ಲಿ ನಿಂತ ಬೊನವೆಂಚರ್. “ಸರಿಯಾಗಿ ಐದಕ್ಕೆ ಆ ಮೇಡಂ ಫೋನು ಹಚ್ಚುತ್ತಾರೆ. ಆಮೇಲೆ ಖಲಾಸ್.”

“ನೀವು ಗಡಿಯಾರ ನೋಡ್ತಾ ಇದ್ದರೆ ಅದು ನಿಧಾನ ಹೋಗ್ತದಾ ಪೊರ್ಬುಗಳೇ? ಕೂತುಕೊಳ್ಳಿ.”

ಊರ ಕಡೆ ಹಿರಿಯ ಕ್ರೈಸ್ತರನ್ನು ಕರೆಯುವಂತೆ ಇಲ್ಲಿಯೂ ಎಲ್ಲರಿಗೆ ‘ಪೊರ್ಬುಗಳು’ ಆಗಿದ್ದ ಬೊನವೆಂಚರ್ ಕೂರಲಿಲ್ಲ. ಎಪ್ಪತ್ತೊಂಬತ್ತರಲ್ಲಿ ದೋಹಾಕ್ಕೆ ಬಂದವರು, ಟೈಪಿಂಗ್ ಸೆಂಟರ್ ಇಟ್ಟು ತಲೆ ನರೆತವರು. ಊರವರ ಅರ್ಜಿ, ಅಫಿಡವಿಟ್ಟು, ವೀಸಾ ಕಾಗದ ಎಲ್ಲಕ್ಕೂ ಅವರ ಬೆರಳೇ ಬೇಕು.

ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಸೆಲೆಸ್ಟಿನ್ ಬಾಯಿ ಕುಳಿತಿದ್ದರು. ಹಗಲು ನರ್ಸ್ ಕೆಲಸ, ರಜೆಯ ದಿನ ಲೇಬರ್ ಕ್ಯಾಂಪು. ಪಾಸ್‌ಪೋರ್ಟ್ ಕಳೆದುಕೊಂಡವನು, ಕೈ ಮುರಿದವನು, ಊರಿಗೆ ಹೋಗಲು ಬಿಡದೆ ಕೂಡಿಹಾಕಲ್ಪಟ್ಟವನು, ಎಲ್ಲರ ಮಾತೂ ಅವರ ನೀಲಿ ಪುಸ್ತಕದಲ್ಲಿ. ಮಾನವ ಹಕ್ಕು ಮತ್ತು ಶಾಂತಿಯ ಕೆಲಸಕ್ಕೆಂದು ವರ್ಷಕ್ಕೊಮ್ಮೆ ಕೊಡುವ ಹಾಲ್ವಿಕ್ ಪ್ರಶಸ್ತಿಗೆ ಜಗತ್ತಿನಿಂದ ಆರಿಸಿದ ಕೊನೆಯ ಮೂರು ಹೆಸರಿನಲ್ಲಿ ಒಂದು ಅವರದ್ದಾಗಿತ್ತು. ಒಂದು ಕಾಗದ ಬಂದು ಅದಕ್ಕೆ ಮಸಿ ಬಳಿಯುವವರೆಗೆ.

ಕಾಗದದ ಬಣ್ಣದ ನಕಲು ಪೂವಕ್ಕನ ಕತ್ತರಿಯ ಕೆಳಗಿತ್ತು. ಅವಳಿಗೀಗ ಅದು ಬಾಯಿಪಾಠ.

“೨೦೦೨ನೇ ಇಸವಿ ಫೆಬ್ರವರಿ ೧೬, ಶನಿವಾರ. ವಾರದ ರಜೆಯಾದ್ದರಿಂದ ಕಂಪೆನಿಯ ಆಫೀಸಿನಲ್ಲಿ ಮ್ಯಾನೇಜರ್ ಒಬ್ಬನೇ ಇದ್ದ. ನಮಗೆ ಎದುರಿನ ಕಟ್ಟಡದಲ್ಲಿ ಕೆಲಸವಿತ್ತು. ಸಿಸ್ಟರ್ ಸೆಲೆಸ್ಟಿನ್ ತನ್ನ ನೀಲಿ ಪುಸ್ತಕದ ಹಿಂದಿನ ಪುಟಗಳಿಂದ ತೆಗೆದ ಒಂಬತ್ತು ಹೆಸರುಗಳ ಪಟ್ಟಿಯನ್ನು ಅವನ ಕೈಗೆ ಕೊಟ್ಟದ್ದನ್ನು ಕಣ್ಣಾರೆ ಕಂಡೆ. ನಾಲ್ಕೇ ದಿನದಲ್ಲಿ ಒಂಬತ್ತು ಮಂದಿಯನ್ನೂ ವಿಮಾನ ಹತ್ತಿಸಿದರು.” ಕೆಳಗೆ ಕೋಲಾರದ ಕಡೆಯ ಮುನಿಯಪ್ಪನ ಹೆಬ್ಬೆಟ್ಟು. ಬರೆದ ತಾರೀಕು ಅದೇ ತಿಂಗಳ ೨೫. ಐದು ವರ್ಷದ ಹಿಂದಿನ ಕಾಗದ ಈಗ ಸಿಕ್ಕಿತೆಂದು ಹೆಸರು ಹೇಳದ ಯಾರೋ ಪ್ರಶಸ್ತಿಯವರಿಗೆ ಅಂಚೆಗೆ ಹಾಕಿದ್ದರು. ವಿಚಾರಣೆಗೆ ಅವರು ಕಳಿಸಿದ ಮೇಡಂ ಕಾರ್ನಿಷ್ ಎಂಬ ಕಡಲದಂಡೆಯ ಹೋಟೆಲಿನಲ್ಲಿದ್ದರು, ಇಂದು ಐದಕ್ಕೆ ತಮ್ಮ ತೀರ್ಮಾನವನ್ನು ಫೋನಿನಲ್ಲಿ ತಿಳಿಸುವವರಿದ್ದರು.

“ಒಂಬತ್ತು ಹೆಸರಿನ ಪಟ್ಟಿ ನಾನು ಯಾರಿಗೂ ಕೊಟ್ಟಿಲ್ಲ, ಪೂವಕ್ಕ,” ಎಂದರು ಸೆಲೆಸ್ಟಿನ್ ಬಾಯಿ, ಮೂರು ದಿನದಲ್ಲಿ ಹತ್ತನೇ ಸಲ. “ಪ್ರಶಸ್ತಿ ಹೋದರೆ ಹೋಗಲಿ. ಹೆಸರು ಹೋದರೆ ನಾಳೆ ಕ್ಯಾಂಪಿನಲ್ಲಿ ಯಾರು ನನ್ನ ಎದುರು ಬಾಯಿ ಬಿಡ್ತಾರೆ?”

“ನಿಮ್ಮ ಹೆಸರು ಎಲ್ಲಿಗೂ ಹೋಗುವುದಿಲ್ಲ. ಇಕೊಳ್ಳಿ, ಸಿಕ್ಕಿತು!”

ಪೂವಕ್ಕ ಹೊರಗೆಳೆದದ್ದು ರವಿಕೆಯ ಬೆನ್ನಿನ ಭಾಗ. ಕತ್ತಿನ ಕಡೆ ಅರ್ಧಚಂದ್ರದಂತೆ ಕತ್ತರಿಸಿತ್ತು. ಕೆಳಗೆ ಅಂಗಡಿಯ ಹೆಸರು, ೨೦೦೨ ಎಂಬ ಇಸವಿ, ಸಾಲು ಸಾಲು ತಾರೀಕು. ಗುರುವಾರ ಕೆಂಪು, ಶುಕ್ರವಾರ ಕೆಂಪು. ಶನಿವಾರ ಕಪ್ಪಗೆ ಕೆಲಸದ ದಿನ.

“ನೋಡಿ. ಶುಕ್ರವಾರ, ಶನಿವಾರ ರಜೆ ಅಂತ ಆದದ್ದು ಎರಡು ಸಾವಿರದ ಮೂರರಲ್ಲಿ. ಅದಕ್ಕೆ ಮೊದಲು ಆಫೀಸಿನ ಹೆಂಗಸರಿಗೆಲ್ಲ ನಾನು ಬುಧವಾರ ಸಂಜೆಗೆ ರವಿಕೆ ಮುಗಿಸಿ ಕೊಡಬೇಕಿತ್ತು, ಗುರುವಾರದ ಫಂಕ್ಷನಿಗೆ. ರಜೆ ಬದಲಾದ ವರ್ಷ ಲೆಕ್ಕ ತಪ್ಪಿ ಅರ್ಧ ಮಂದಿ ನನ್ನ ಹತ್ತಿರ ಜಗಳ ಮಾಡಿದ್ದಾರೆ, ಮರೀತದಾ ನನಗೆ? ಎರಡು ಸಾವಿರದ ಎರಡರ ಫೆಬ್ರವರಿಯಲ್ಲಿ ಕೂತು ಬರೆದವ ಶನಿವಾರ ರಜೆ ಅಂತ ಬರೆಯುವುದು ಹೇಗೆ? ಈ ಕಾಗದ ಈಚೆಗೆ ಬರೆದದ್ದು.”

ಬೊನವೆಂಚರ್ ಒಂದು ಕ್ಷಣ ರವಿಕೆಯ ಬೆನ್ನನ್ನೇ ನೋಡಿದರು. ಆಮೇಲೆ ದೊಡ್ಡದಾಗಿ ನಕ್ಕರು. “ಪೊಲೀಸಿನವರಿಗೆ ನಿಮ್ಮನ್ನು ಸಾಲ ಕೊಡಬೇಕು ಪೂವಕ್ಕ! ಕೊಡಿ ಇಲ್ಲಿ. ಉತ್ತರ ಟೈಪ್ ಮಾಡಿ ಹೋಟೆಲಿಗೆ ನಾನೇ ಮುಟ್ಟಿಸ್ತೇನೆ. ಜಲೀಲನ ಕಾರು ಕೆಳಗೆ ಉಂಟು.” ಬಾಗಿಲು ದಾಟುವಾಗ ತಿರುಗಿದರು. “ಆ ನೀಲಿ ಪುಸ್ತಕವೂ ಇರಲಿ. ಹಿಂದಿನ ಪುಟ ಅಂತ ಕಾಗದದಲ್ಲಿ ಉಂಟಲ್ಲ, ಮೇಡಂ ಕೇಳಿಯೇ ಕೇಳ್ತಾರೆ.”

ಸೆಲೆಸ್ಟಿನ್ ಬಾಯಿಯ ಕೈ ಚೀಲದ ಮೇಲೆ ತಡೆಯಿತು.

“ಕೊಡಿ ಬಾಯಮ್ಮ,” ಎಂದಳು ಪೂವಕ್ಕ ಧೈರ್ಯವಾಗಿ. “ಮುಚ್ಚಿಡುವಂಥದ್ದು ನಮ್ಮದು ಎಂತದ್ದೂ ಇಲ್ಲ. ನನಗೆ ಇಲ್ಲಿ ಮೂರಕ್ಕೆ ಶರಣ್ ಬರ್ತಾನೆ. ಅವನ ಹತ್ತಿರ ಸ್ವಲ್ಪ ಮಾತು ಬಾಕಿ ಉಂಟು.”

ಬೊನವೆಂಚರ್ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿ ಇಳಿದು ಹೋದರು. ಗಂಟೆ ಎರಡೂವರೆ.

“ಶರಣ್ ಯಾಕೆ?” ಸೆಲೆಸ್ಟಿನ್ ಬಾಯಿ ತಲೆ ಎತ್ತಿದರು.

ಪೂವಕ್ಕ ಮೂರು ಬೆರಳು ಮುಂದೆ ಹಿಡಿದಳು. “ಪುಸ್ತಕದ ಹಿಂದಿನ ಪುಟ. ಓಡಿಹೋದವರ ಹೆಸರನ್ನು ನೀವು ಪುಸ್ತಕ ತಲೆಕೆಳಗು ಮಾಡಿ ಹಿಂದಿನಿಂದ ಬರೆಯುತ್ತೀರಿ. ನಮ್ಮಿಬ್ಬರನ್ನು ಬಿಟ್ಟರೆ ಅದು ಗೊತ್ತಿದ್ದದ್ದು ಮೂರೇ ಜನಕ್ಕೆ. ನಿಮ್ಮ ಅರ್ಜಿ ಟೈಪ್ ಮಾಡುವ ಪೊರ್ಬುಗಳು, ಕ್ಯಾಂಪಿಗೆ ಕಾರು ಬಿಡುವ ಜಲೀಲ್, ಕಂಪ್ಯೂಟರಿಗೆ ಹಾಕುವ ಶರಣ್.” ಒಂದು ಬೆರಳು ಮಡಚಿದಳು. “ಪೊರ್ಬುಗಳು ಇಲ್ಲಿಗೆ ಬಂದದ್ದು ಎಪ್ಪತ್ತೊಂಬತ್ತರಲ್ಲಿ.” ಇನ್ನೊಂದು. “ಜಲೀಲ್ ತೊಂಬತ್ತೊಂದರಲ್ಲಿ. ಇಬ್ಬರೂ ವರ್ಷಗಟ್ಟಲೆ ಗುರುವಾರದ ರಜೆ ತಿಂದವರು. ಶನಿವಾರದ ತಪ್ಪು ಅವರಿಂದ ಆಗುವುದಿಲ್ಲ.”

ಉಳಿದದ್ದು ಒಂದು ಬೆರಳು.

“ಅವನು ಇಲ್ಲಿಗೆ ಬಂದದ್ದು ಎರಡು ವರ್ಷದ ಹಿಂದೆ,” ಎಂದಳು ಪೂವಕ್ಕ. “ಅವನು ಕಂಡ ಕತಾರಿನಲ್ಲಿ ಶನಿವಾರ ಯಾವತ್ತಿಗೂ ರಜೆಯೇ.”

“ಇಲ್ಲ. ಶರಣ್ ಅಲ್ಲ. ನನಗೆ ಜ್ವರ ಬಂದಾಗ ಅಷ್ಟು ದೂರದ ಐನ್ ಖಾಲಿದಿನಿಂದ ಗಂಜಿ ತಂದುಕೊಟ್ಟವ ಅವನು.”

“ಹಾಗಾದ್ರೆ ನೀವೇ ಕೇಳಿ.” ಪೂವಕ್ಕ ಮೂಲೆಯ ಪರದೆ ಸರಿಸಿದಳು. ಹೆಂಗಸರು ರವಿಕೆ ಹಾಕಿ ನೋಡುವ ಜಾಗ, ಒಂದು ಕನ್ನಡಿ, ಒಂದು ಕುರ್ಚಿ. “ಒಳಗೆ ಕೂತುಕೊಳ್ಳಿ. ನಾನು ಕರೆಯದೆ ಕೆಮ್ಮಬಾರದು.”

ಶರಣ್ ಬಂದದ್ದು ಅರ್ಧ ಗಂಟೆ ತಡವಾಗಿ, ಮೂರೂವರೆಗೆ. ಕಪ್ಪು ಪ್ಯಾಂಟು, ಕುತ್ತಿಗೆಯಲ್ಲಿ ಕಂಪೆನಿಯ ಗುರುತಿನ ಚೀಟಿ.

“ಅಶ್ವಿತಾ ನಾಲ್ಕು ಸಲ ಫೋನು ಮಾಡಿದ್ಲು ಪೂವಕ್ಕ. ಸಂಜೆ ಸಂಘದ ರಾಜ್ಯೋತ್ಸವ. ರವಿಕೆ ಇಲ್ಲದಿದ್ರೆ ಮನೆಗೆ ಬರ್ಬೇಡಿ ಅಂದಿದ್ದಾಳೆ.”

“ಮನೆಗೆ ಹೋಗುವಾಗ ರವಿಕೆ ನಿನ್ನ ಕೈಯಲ್ಲೇ ಇರ್ತದೆ. ಕೂತುಕೋ. ಎರಡು ಹುಕ್ಕು ಬಾಕಿ.”

ಅವಳು ಕೆಂಪು ರವಿಕೆಯನ್ನು ತೊಡೆಯ ಮೇಲೆ ಹರಡಿ ಸೂಜಿಗೆ ನೂಲು ಪೋಣಿಸಿದಳು. ಹುಕ್ಕು ಹಾಕುವ ಕೈ ಅವಸರ ಮಾಡಬಾರದು. ಎದುರಿಗೆ ಕೂತವರು ತಾವಾಗಿಯೇ ಮಾತಾಡುತ್ತಾರೆ. ಇಷ್ಟು ವರ್ಷದಲ್ಲಿ ಈ ಸ್ಟೂಲಿನ ಮೇಲೆ ಎಷ್ಟು ಮನೆಗಳ ಗುಟ್ಟು ಬಿಚ್ಚಿಕೊಂಡಿಲ್ಲ!

“ಸಿಸ್ಟರಿಗೆ ಹೇಗುಂಟು?” ಶರಣನೇ ಕೇಳಿದ.

“ಹೇಗಿರ್ತದೆ? ಊಟ ಇಲ್ಲ, ನಿದ್ದೆ ಇಲ್ಲ.” ನೂಲನ್ನು ಹಲ್ಲಿನಿಂದ ಕಡಿದಳು. “ಅದಿರಲಿ, ನಿನ್ನ ಹತ್ತಿರ ಒಂದು ಕೇಳ್ಬೇಕು. ಎರಡು ಸಾವಿರದ ಎರಡರಲ್ಲಿ ಇಲ್ಲಿ ಆಫೀಸಿಗೆ ವಾರದ ರಜೆ ಯಾವತ್ತು?”

“ಎಂಥ ಪ್ರಶ್ನೆ ಪೂವಕ್ಕ? ಶುಕ್ರವಾರ, ಶನಿವಾರ.”

ಪೂವಕ್ಕ ಮಾರ್ಚ್ ತಿಂಗಳ ತೋಳನ್ನು ಅವನ ಮುಂದೆ ಇಟ್ಟಳು.

ಶರಣ್ ಮೊದಲು ನಕ್ಕ. ಇಸವಿ ಓದಿದ. ಕೆಂಪು ಸಾಲಿನ ಮೇಲೆ ಬೆರಳಿಟ್ಟ. ಗುರುವಾರ. ಕಪ್ಪು ಸಾಲಿನ ಮೇಲೆ ಬೆರಳಿಟ್ಟ. ಶನಿವಾರ. ಆ ಬೆರಳು ಅಲ್ಲಿಂದ ಏಳಲಿಲ್ಲ.

“ಮಾರಾಯ,” ಪೂವಕ್ಕ ಎರಡನೇ ಹುಕ್ಕಿಗೆ ಕೈ ಹಾಕಿದಳು. “ಒಬ್ಬಳು ಹೆಂಗಸಿನ ಹದಿನೈದು ವರ್ಷದ ಕೆಲಸಕ್ಕೆ ಬೆಂಕಿ ಇಡುವವ ಕನಿಷ್ಠ ಯಾರಾದರೂ ಹಳಬರ ಹತ್ತಿರ ಕೇಳಬಾರದಾ?”

“ನಾನು ಬೆಂಕಿ ಇಡ್ಲಿಲ್ಲ!”

“ಬರೆದದ್ದು ನೀನಾ ಅಲ್ವಾ?”

ಕೆಳಗಿನ ಜ್ಯೂಸ್ ಅಂಗಡಿಯ ಯಂತ್ರ ಗರ್ರೆಂದು ತಿರುಗಿ ನಿಂತಿತು.

“ನಾನೇ,” ಎಂದ ಶರಣ್. “ಆದರೆ ಒಂದೂ ಸುಳ್ಳು ಬರೆದಿಲ್ಲ ಪೂವಕ್ಕ. ತಾರೀಕು ಮಾತ್ರ ಹಿಂದಿನದ್ದು ಹಾಕಿದೆ. ಹೇಳಿದ್ದು ಮುನಿಯಪ್ಪ. ಹೆಬ್ಬೆಟ್ಟು ಒತ್ತಿದ್ದೂ ಅವರೇ, ನನ್ನ ಕಣ್ಣೆದುರಿಗೆ. ಹೋದ ತಿಂಗಳು.”

ಹುಕ್ಕು ಪೂವಕ್ಕನ ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು.

“ಮುನಿಯಪ್ಪ ಇಲ್ಲಿದ್ದಾನಾ?”

“ಪಕ್ಕದೂರು ಅಲ್ ವಕ್ರಾದಲ್ಲಿ. ಒಂದು ರೂಮಿನಲ್ಲಿ ಆರು ಜನ. ಅವತ್ತು ಹೊರಗೆ ಹಾಕಿದ ಮೇಲೆ ಅವರ ಹೆಸರಿಗೆ ವೀಸಾ ಸಿಗ್ಲಿಲ್ಲ. ಈ ವರ್ಷ ಬೇರೆ ಹೆಸರಿನ ಪಾಸ್‌ಪೋರ್ಟಿನಲ್ಲಿ ಬಂದಿದ್ದಾರೆ. ಗೊತ್ತಾದರೆ ನೇರ ಜೈಲು. ಇವತ್ತಿನ ತಾರೀಕು ಹಾಕಿದ್ರೆ ಅವರು ಇಲ್ಲಿರುವುದು ಬಯಲಾಗ್ತದೆ, ಅದಕ್ಕೇ ಹಳೇ ತಾರೀಕು. ಸಿಸ್ಟರನ್ನು ನಾನು ದೇವರ ಹಾಗೆ ನೋಡಿದವ. ಅಷ್ಟು ದೊಡ್ಡ ಪ್ರಶಸ್ತಿ, ಶಾಂತಿಯದ್ದು, ಮನುಷ್ಯರ ಹಕ್ಕಿನದ್ದು. ಕೂಲಿಯವರನ್ನು ಹಿಡಿದು ಕೊಟ್ಟವರ ಕೈಗೆ ಅದು ಹೋಗಬಹುದಾ, ನೀವೇ ಹೇಳಿ.”

ಪೂವಕ್ಕನ ತಲೆಯೊಳಗೆ ಒಂದು ಹೊಲಿಗೆ ಬಿಚ್ಚಿಕೊಳ್ಳುತ್ತಿತ್ತು.

“ಮುನಿಯಪ್ಪ ಶನಿವಾರ ಅಂತ ಹೇಳಿದನಾ? ಅವನ ಬಾಯಲ್ಲಿ ಬಂದ ಮಾತು ಹೇಳು. ಸರಿಯಾಗಿ ನೆನಪು ಮಾಡು.”

ಶರಣ್ ಕಣ್ಣು ಮುಚ್ಚಿದ. “ವಾರ ಹೇಳ್ಲಿಲ್ಲ. ‘ಆಫೀಸಿಗೆ ರಜೆ ಇತ್ತು ಸಾರ್, ನಮಗೆ ಡ್ಯೂಟಿ ಇತ್ತು’ ಅಂದ್ರು. ಶುಕ್ರವಾರ ಆಗಿದ್ರೆ ಕೂಲಿಯವರಿಗೂ ರಜೆ. ಹಾಗಾದ್ರೆ ಶನಿವಾರವೇ ಅಂತ ನಾನು ಬರೆದೆ. ಕ್ಯಾಲೆಂಡರ್ ನೋಡಿ ಅವರು ಹೇಳಿದ ವಾರದ ತಾರೀಕು ಹಾಕಿದೆ.”

ಆಫೀಸಿಗೆ ರಜೆ, ಕೂಲಿಯವರಿಗೆ ಕೆಲಸ. ಎರಡು ಸಾವಿರದ ಎರಡರಲ್ಲಿ ಅಂಥ ದಿನ ವಾರಕ್ಕೆ ಒಂದೇ ಒಂದು. ಗುರುವಾರ.

ಕಾಗದ ಹೊಸದು, ಸರಿ. ಅಷ್ಟರಮಟ್ಟಿಗೆ ಅವಳು ಗೆದ್ದಳು. ಆದರೆ ಅದರೊಳಗಿನ ಮಾತು ಹಳೆಯದೇ. ಅವತ್ತು ಅಲ್ಲಿ ನಿಂತು ನೋಡಿದವನ ಬಾಯಿಂದಲೇ ಬಂದದ್ದು. ಕಟ್ಟುಕತೆ ಹೇಳುವವನಾಗಿದ್ದರೆ ಮುನಿಯಪ್ಪನೂ ಈಗಿನ ಶನಿವಾರವನ್ನೇ ಹೇಳುತ್ತಿದ್ದ.

ಅವಳು ಎದ್ದಳು. ಪರದೆಯ ಮುಂದೆ ನಿಂತಳು. ಇಪ್ಪತ್ತು ವರ್ಷದ ಸ್ನೇಹದಲ್ಲಿ ಇಂಥ ಪ್ರಶ್ನೆಯೊಂದನ್ನು ಕೇಳಬೇಕಾದೀತೆಂದು ಅವಳು ಎಣಿಸಿರಲಿಲ್ಲ.

“ಬಾಯಮ್ಮ, ಹೊರಗೆ ಬನ್ನಿ. ಆ ಶನಿವಾರ ಬೇಡ. ಅದಕ್ಕೆ ಎರಡು ದಿನ ಮೊದಲಿನ ಗುರುವಾರ ನೀವು ಎಲ್ಲಿದ್ರಿ?”

ಪರದೆ ಸರಿಯಿತು. ಶರಣ್ ಸ್ಟೂಲಿನಿಂದ ದಡಬಡಿಸಿ ಎದ್ದ. ಸೆಲೆಸ್ಟಿನ್ ಬಾಯಿ ಅವನ ಕಡೆ ನೋಡಲಿಲ್ಲ.

“ಮ್ಯಾನೇಜರನ ಆಫೀಸಿನಲ್ಲಿ,” ಎಂದರು. “ಒಂದು ಪಟ್ಟಿ ಕೊಟ್ಟೆ. ಹೌದು.”

“ನೋಡಿದ್ರಾ?” ಶರಣ್ ಬಹುತೇಕ ಕಿರುಚಿದ.

“ಬಾಯಿ ಮುಚ್ಚು ನೀನು,” ಎಂದಳು ಪೂವಕ್ಕ. “ಹೇಳಿ ಬಾಯಮ್ಮ.”

“ಎಂಟು ಹೆಸರು. ಬೆನ್ನು ಮುರಿದವರು, ಕಣ್ಣು ಹೋದವರು. ನಮ್ಮನ್ನು ಮನೆಗೆ ಕಳಿಸಿ ಸಿಸ್ಟರ್ ಅಂತ ನನ್ನ ಕೈ ಹಿಡಿದು ಅತ್ತವರು. ಅವರಿಗೆ ಟಿಕೆಟ್ ಕೊಡಿ ಅಂತ ಕೇಳಲಿಕ್ಕೆ ಹೋಗಿದ್ದೆ. ಕಾಗದದಲ್ಲಿ ಶನಿವಾರ ಅಂತ ಇತ್ತು, ಒಂಬತ್ತು ಅಂತ ಇತ್ತು. ಅದು ಬೇರೆಯೇ ಪಟ್ಟಿ ಅಂತ ತಿಳಿದೆ. ನನ್ನ ಪಟ್ಟಿ ಅಂತ ಹೊಳೆಯಲೇ ಇಲ್ಲ. ಅದರಲ್ಲಿ ಮುನಿಯಪ್ಪ ಇರ್ಲಿಲ್ಲ ಪೂವಕ್ಕ. ಅವನಿಗೆ ಹೋಗಲಿಕ್ಕೆ ಮನಸ್ಸೇ ಇರಲಿಲ್ಲ. ಕಟ್ಟಡದ ಸಾರ್ವೆ ಮುರಿದು ಅವನ ಜೊತೆಯವ ಸತ್ತದ್ದಕ್ಕೆ ಅವನೊಬ್ಬನೇ ಸಾಕ್ಷಿ. ಕೋರ್ಟಿನಲ್ಲಿ ಹೇಳಿಯೇ ಹೋಗ್ತೇನೆ ಅಂತಿದ್ದ. ಅವನನ್ನೂ ವಿಮಾನ ಹತ್ತಿಸಿದ್ದು ಗೊತ್ತಾದಾಗ ನಾನು ಮೂರು ದಿನ ಅತ್ತಿದ್ದೇನೆ.”

ಶರಣ್ ಒಂದು ಹೆಜ್ಜೆ ಮುಂದೆ ಬಂದ. “ಮ್ಯಾನೇಜರನ ಮೇಜಿನ ಮೇಲೆ ತನ್ನ ಹೆಸರನ್ನು ಕಂಡೆ ಅಂತ ಮುನಿಯಪ್ಪ ಆಣೆ ಇಟ್ಟು ಹೇಳಿದ್ದಾರೆ ಸಿಸ್ಟರ್. ಓದಲು ಬರದಿದ್ರೂ ಪಾಸ್‌ಪೋರ್ಟಿನಲ್ಲಿ ನೋಡಿ ನೋಡಿ ತನ್ನ ಹೆಸರಿನ ಗುರುತು ಸಿಗ್ತದೆ ಅವರಿಗೆ. ಒಂಬತ್ತನೆಯದ್ದು. ಅದೇ ಹಾಳೆಯಲ್ಲಿ, ಅದೇ ಟೈಪಿನಲ್ಲಿ.”

ಅದೇ ಟೈಪಿನಲ್ಲಿ.

ಪೂವಕ್ಕ ಬಹಳ ಮೆಲ್ಲಗೆ ಕೇಳಿದಳು. “ಪಟ್ಟಿ ಟೈಪ್ ಮಾಡಿದ್ದು ಯಾರು ಬಾಯಮ್ಮ?”

ಉತ್ತರ ಬೇಕಿರಲಿಲ್ಲ. ಊರವರ ಕಾಗದ ಟೈಪ್ ಮಾಡುವವರು ಇನ್ಯಾರಿದ್ದಾರೆ?

“ಬೊನವೆಂಚರ್,” ಎಂದರು ಸೆಲೆಸ್ಟಿನ್ ಬಾಯಿ. “ಅವರೇ ಮಾಡಿ ಲಕೋಟೆಗೆ ಹಾಕಿ ಅಂಟಿಸಿ ಕೊಟ್ರು. ನಾನು ಬಿಡಿಸಿ ನೋಡ್ಲಿಲ್ಲ. ನನಗೆ ಅಂತ ಎಂಟು ಹೆಸರಿನ ಕಾರ್ಬನ್ ಪ್ರತಿ ಕೊಟ್ಟಿದ್ರು. ಅದು ಇವತ್ತಿಗೂ ಉಂಟು, ಹಿಂದಿನ ಪುಟಕ್ಕೆ ಪಿನ್ನು ಹಾಕಿ ಇಟ್ಟಿದ್ದೇನೆ.”

“ಯಾವುದರ ಹಿಂದಿನ ಪುಟಕ್ಕೆ?” ಎಂದ ಶರಣ್.

ಇಬ್ಬರು ಹೆಂಗಸರೂ ಖಾಲಿ ಚೀಲದ ಕಡೆ ನೋಡಿದರು. ಎಂಟಕ್ಕೆ ಒಂಬತ್ತನೆಯ ಹೆಸರು ಸೇರಿಸಿದ್ದು ಯಾರೆಂದು ತೋರಿಸುವ ಒಂದೇ ಹಾಳೆ ಬೊನವೆಂಚರರ ಕಂಕುಳಲ್ಲಿ ಹೋಗಿತ್ತು. ಕೊಡಿ ಬಾಯಮ್ಮ ಎಂದದ್ದು ತಾನೇ. ಆ ಮಾತು ಪೂವಕ್ಕನ ಕಿವಿಯಲ್ಲಿ ಹಾಗೆಯೇ ನಿಂತಿತ್ತು.

ಮರುಗುವುದಕ್ಕೆ ಆಮೇಲೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಅವಳು ಟೇಪನ್ನು ಕುತ್ತಿಗೆಯಿಂದ ತೆಗೆದಿಟ್ಟು ಜಲೀಲನಿಗೆ ಫೋನು ಹಚ್ಚಿದಳು.

“ಪೂವಕ್ಕ! ಹೇಳಿ.” ಕಾರಿನ ಸದ್ದು.

“ಪೊರ್ಬುಗಳನ್ನು ಹೋಟೆಲಿಗೆ ಮುಟ್ಟಿಸಿದೆಯಾ?”

“ಹೋಟೆಲಿಗೆ ಇಲ್ವಲ್ಲ. ಹತ್ತಿದ ಕೂಡಲೇ ಯಲ್ಲಾ, ಹೊರಡು, ಅಲ್ ವಕ್ರಾಕ್ಕೆ ಬಿಡು ಅಂದ್ರು. ಇಳಿಸಿ ವಾಪಸ್ ಬರ್ತಾ ಇದ್ದೇನೆ.”

“ಕೈಯಲ್ಲಿ ಎಂತ ಇತ್ತು?”

“ಒಂದು ನೀಲಿ ಪುಸ್ತಕ. ಮತ್ತೆ ನಿಮ್ಮದೊಂದು ರವಿಕೆ ಕತ್ತರಿಸಿದ ಕಾಗದ ಸೀಟಿನಲ್ಲೇ ಬಿಟ್ಟು ಹೋಗಿದ್ದಾರೆ. ಕಸವಾ ಅದು? ಬಿಸಾಡಲಾ?”

“ಬಿಸಾಡಿದ್ರೆ ನಿನ್ನ ಕೈ ಕತ್ತರಿಸ್ತೇನೆ ಜಲೀಲ್! ಅದನ್ನು ಎದೆಗೆ ಅಪ್ಪಿ ಹಿಡಿದು ಸೀದ ಇಲ್ಲಿಗೆ ಬಾ.”

ಫೋನು ಇಟ್ಟು ಅವಳು ಶರಣನ ಕಡೆ ತಿರುಗಿದಳು.

“ಮುನಿಯಪ್ಪ ಅಲ್ಲಿರುವುದು ನಿನಗೊಬ್ಬನಿಗೇ ಗೊತ್ತಿತ್ತಲ್ಲ ಶರಣ್?”

“ನಿನ್ನೆ… ನಿನ್ನೆ ಮನಸ್ಸು ತಡೆಯಲಿಲ್ಲ ಪೂವಕ್ಕ. ಯಾರಾದರೂ ಹಿರಿಯರ ಹತ್ತಿರ ಹೇಳಿಕೊಳ್ಳುವ ಅಂತ ಬೊನವೆಂಚರ್ ಅಂಕಲಿಗೆ ಎಲ್ಲ ಹೇಳಿದೆ. ರೂಮಿನ ನಂಬರು ಸಮೇತ. ಒಳ್ಳೆಯದು ಮಾಡಿದ್ದೀ, ಇನ್ನು ಯಾರ ಹತ್ತಿರವೂ ಬಾಯಿ ಬಿಡಬೇಡ ಅಂದ್ರು.”

ಎಲ್ಲ ಗೊತ್ತಿದ್ದೇ ಮಧ್ಯಾಹ್ನ ಈ ಬಾಗಿಲಲ್ಲಿ ನಿಂತು ನಕ್ಕಿದ್ದರು ಹಾಗಾದರೆ.

ಗಂಟೆ ನಾಲ್ಕು. ಐದರೊಳಗೆ ಫೆಬ್ರವರಿ ಕಾರ್ನಿಷ್‌ನ ಹೋಟೆಲು ಮುಟ್ಟಿದರೆ ಸೆಲೆಸ್ಟಿನ್ ಬಾಯಿಯ ಹೆಸರು ಉಳಿಯುತ್ತದೆ. ಅಲ್ ವಕ್ರಾ ಇರುವುದು ಅದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ.

“ಮೊದಲು ಮುನಿಯಪ್ಪ,” ಎಂದರು ಸೆಲೆಸ್ಟಿನ್ ಬಾಯಿ. ಚೀಲ ಹೆಗಲಿಗೇರಿಸಿಯಾಗಿತ್ತು. “ಪ್ರಶಸ್ತಿಯವರು ಮುಂದಿನ ವರ್ಷವೂ ಇರ್ತಾರೆ.”

“ಎರಡೂ ಆಗ್ತದೆ,” ಪೂವಕ್ಕ ಚಪ್ಪಲಿ ಮೆಟ್ಟಿದಳು. “ಜಲೀಲನ ಜೊತೆ ಫೆಬ್ರವರಿ ಹಿಡಿದುಕೊಂಡು ನೀವು ಹೋಟೆಲಿಗೆ ಹೋಗಿ. ಆ ಹೆಂಗಸಿಗೆ ಶನಿವಾರವನ್ನೂ ಹೇಳಿ, ಗುರುವಾರವನ್ನೂ ಹೇಳಿ. ಅರ್ಧ ಹೇಳುವುದು ಬೇಡ. ಇವನ ಕಾರಿನಲ್ಲಿ ನಾನು ಅಲ್ ವಕ್ರಾಕ್ಕೆ. ಎಂತ ನೋಡ್ತೀ ಶರಣ್, ಮುನಿಯಪ್ಪನಿಗೆ ಫೋನು ಹಚ್ಚು. ಬಾಗಿಲು ತೆಗೀಬಾರದು ಅಂತ ಹೇಳು.”

ಶರಣ್ ಫೋನು ತೆಗೆದ. ಅವನು ಗುಂಡಿ ಒತ್ತುವ ಮೊದಲೇ ಅದು ಅವನ ಕೈಯಲ್ಲಿ ಗುಂಯ್‌ಗುಟ್ಟಿತು.

“ಅವರದ್ದೇ!” ಅವನ ಮುಖ ಅರಳಿತು. “ಮುನಿಯಪ್ಪಂದೇ ನಂಬರು!”

“ಜೋರಾಗಿ ಕೇಳುವ ಹಾಗೆ ಇಡು.”

ಆ ಕಡೆ ಯಾರೋ ಒಂದು ಉಸಿರು ಎಳೆದರು. ಆಮೇಲೆ ಶಾಂತವಾದ, ಪರಿಚಯದ ದನಿಯೊಂದು ಹೇಳಿತು:

“ಶರಣ್, ಪೂವಕ್ಕ ಪಕ್ಕದಲ್ಲೇ ಇದ್ದಾರಲ್ಲ? ಅವರಿಗೆ ಕೊಡು.”

ಅದು ಮುನಿಯಪ್ಪನ ದನಿಯಲ್ಲ. ಮಧ್ಯಾಹ್ನ ಇದೇ ಬಾಗಿಲಲ್ಲಿ ನಿಂತು, ಖಲಾಸ್ ಎಂದ ದನಿ.